ಈ ಸಲವೂ ಸೂಳೆಕೆರೆಗೇ

ಮೇ ತಿಂಗಳು ಬಂದರೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಜಗಳ ಶುರು. ಒಬ್ಬ ಗೋವಾ ಅಂತಾನೆ, ಇನ್ನೊಬ್ಬ ಮನಾಲಿ. ಕೊನೆಗೆ ನಾಲ್ವರೂ ಬೆಂಗಳೂರಿಂದ ಹೊರಟು ಇಳಿಯೋದು ಕೆರೆಬಿಳಚಿಯಲ್ಲೇ, ನಾವು ಒಟ್ಟಿಗೆ ಬೆಳೆದ ಊರಲ್ಲಿ.

ಕಾರಣ ಐದನೆಯವನು. ಅವನದು ಅಡಿಕೆ ತೋಟ. ಬೇಸಿಗೆಯಲ್ಲಿ ನೀರು ತಪ್ಪಿಸೋ ಹಾಗಿಲ್ಲ. ತ್ರೀ ಫೇಸ್ ಕರೆಂಟ್ ಬಂದಾಗ ಅವನು ಅಲ್ಲಿರಲೇಬೇಕು. ನಮಗೆ ರಜೆ ಸಿಗುವ ತಿಂಗಳೇ ಅವನಿಗೆ ರಜೆ ಇಲ್ಲದ ತಿಂಗಳು.

ಕೆಲವು ವರ್ಷಗಳ ಹಿಂದೆ ಒಂದು ಸಲ ಅವನನ್ನು ಬಿಟ್ಟು ಗೋಕರ್ಣಕ್ಕೆ ಹೋಗಿದ್ವಿ. ಫೋಟೋ ನೋಡಿ "ಸೂಪರ್ ಕಣ್ರೋ" ಅಂತ ಬರೆದ. ಆಮೇಲೆ ಮೂರು ತಿಂಗಳು ಗ್ರೂಪಲ್ಲಿ ಅವನ ಸದ್ದೇ ಇಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅಂದಿನಿಂದ ಟ್ರಿಪ್ಪೇ ಅವನ ಹತ್ತಿರ ಹೋಗುತ್ತೆ. ಸಂಜೆ ಸೂಳೆಕೆರೆ ಏರಿ ಮೇಲೆ ಕೂರ್ತೀವಿ. ನಕ್ಷೆಯಲ್ಲಿ ಶಾಂತಿಸಾಗರ ಅಂತಿರುತ್ತೆ, ನಮ್ಮ ಬಾಯಲ್ಲಿ ಸೂಳೆಕೆರೆನೇ. ಎರಡು ಗುಡ್ಡಗಳ ನಡುವೆ ಶತಮಾನಗಳ ಹಿಂದೆ ಕಟ್ಟಿದ ಏರಿ. ಇಲ್ಲಿಯ ನೀರು ಚಿತ್ರದುರ್ಗದವರೆಗೂ ಕುಡಿಯೋಕೆ ಹೋಗುತ್ತೆ. ಮರುದಿನ ಬೆಳಿಗ್ಗೆ ಸಂತೆಬೆನ್ನೂರಿನ ಪುಷ್ಕರಣಿ, ಮೆಟ್ಟಿಲ ಮೇಲೆ ಮಂಡಕ್ಕಿ, ಮಿರ್ಚಿ.

ಹೋದ ವರ್ಷ ರಾತ್ರಿ ಊಟದ ಮಧ್ಯೆ ಕರೆಂಟ್ ಬಂತು. "ನೀವು ಉಣ್ರಪ್ಪಾ, ಮೋಟ್ರು ಹಾಕಿ ಬರ್ತೀನಿ" ಅಂತ ಎದ್ದ. ನಾವೂ ಎದ್ವಿ. ಮೊಬೈಲ್ ಟಾರ್ಚ್ ಹಿಡಿದು ಐವರೂ ತೋಟಕ್ಕೆ ನಡೆದ್ವಿ. ಆ ಟ್ರಿಪ್ಪಲ್ಲಿ ನನಗೆ ಚೆನ್ನಾಗಿ ನೆನಪಿರೋದು ಅದೇ.

ನಿಮ್ಮ ಗ್ರೂಪಲ್ಲೂ ಬರೋಕಾಗದ ಒಬ್ಬರು ಇರ್ತಾರೆ. ಈ ಬೇಸಿಗೆ ಅವರ ಊರಿಗೇ ಟಿಕೆಟ್ ಮಾಡಿ.