ಅಗ್ಗದ ಆಟಿಕೆ: ಆಯ್ಕೆಯ ಹೊಣೆ ವರ್ತಕನದು

ಮಕ್ಕಳ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಳ್ಳಲು ಬರುವ ಗ್ರಾಹಕನು ಸಾಮಾನ್ಯವಾಗಿ ಇಂಥದೇ ಆಟಿಕೆ ಬೇಕೆಂದು ಕೇಳುವುದಿಲ್ಲ. “ಇನ್ನೂರು ರೂಪಾಯಿಯೊಳಗೆ ಏನಾದರೂ ಕೊಡಿ” ಎನ್ನುತ್ತಾನೆ. ಬೆಲೆಯನ್ನು ನಿಗದಿಪಡಿಸುವವನು ಗ್ರಾಹಕ. ವಸ್ತುವನ್ನು ಆರಿಸಿಕೊಡುವವನು ಅಂಗಡಿಯವನು. ಕಾರವಾರ, ಅಂಕೋಲಾದಂತಹ ಪಟ್ಟಣಗಳಲ್ಲಿ ಆಟಿಕೆಯು ಸ್ಟೇಷನರಿ ಹಾಗೂ ಫ್ಯಾನ್ಸಿ ಅಂಗಡಿಗಳ ಉಪವ್ಯಾಪಾರವಾಗಿರುವುದೇ ಹೆಚ್ಚು. ಆದ್ದರಿಂದ ಈ ಆಯ್ಕೆಗೆ ಸಲ್ಲಬೇಕಾದ ಗಮನ ಸಲ್ಲುತ್ತಿಲ್ಲ. ಬಂಡಿಹಬ್ಬದ ಪೇಟೆಯಲ್ಲಾಗಲಿ, ಜಾತ್ರೆಯ ಸಾಲಂಗಡಿಯಲ್ಲಾಗಲಿ, ಲಾಭಾಂಶ ಹೆಚ್ಚಿರುವ ಗುರುತಿಲ್ಲದ ಪ್ಲಾಸ್ಟಿಕ್ ಆಟಿಕೆಯೇ ಮುಂದಿನ ಸಾಲಿನಲ್ಲಿ ತೂಗುತ್ತಿರುತ್ತದೆ.

ಅಗ್ಗ ಎಂಬುದರ ನಿಜವಾದ ಲೆಕ್ಕ

ಅರವತ್ತು ರೂಪಾಯಿಯ ಬ್ಯಾಟರಿ ಕಾರು ಒಂದು ವಾರದಲ್ಲಿ ಮುರಿದರೆ ಅದರ ವೆಚ್ಚ ವಾರಕ್ಕೆ ಅರವತ್ತು ರೂಪಾಯಿ. ನೂರೈವತ್ತು ರೂಪಾಯಿಯ ಮರದ ದಿಮ್ಮಿಗಳ ಪೊಟ್ಟಣ ಮೂರು ವರ್ಷ ಬಾಳಿದರೆ ಅದರ ವೆಚ್ಚ ವಾರಕ್ಕೆ ಒಂದು ರೂಪಾಯಿಗಿಂತಲೂ ಕಡಿಮೆ. ಬಳಿಕ ಅದು ತಮ್ಮನಿಗೋ ತಂಗಿಗೋ ದಾಟುತ್ತದೆ. ಯಂತ್ರದ ಬೆಲೆಯನ್ನು ಅದರ ಬಾಳಿಕೆಯಿಂದ ಭಾಗಿಸಿ ಸವಕಳಿ ಲೆಕ್ಕ ಹಾಕುವ ಉದ್ಯಮಿಗೆ ಈ ತತ್ತ್ವ ಹೊಸದೇನಲ್ಲ. ಅದನ್ನು ಗ್ರಾಹಕನಿಗೆ ಎರಡು ಮಾತಿನಲ್ಲಿ ತಿಳಿಸಿ ಹೇಳುವುದು ಒಳ್ಳೆಯ ವ್ಯಾಪಾರವೂ ಹೌದು.

ಕಾನೂನಿನ ಚೌಕಟ್ಟು

ಭಾರತೀಯ ಗುಣಮಟ್ಟ ಮಂಡಳಿಯು 2019ರಲ್ಲಿ ದೆಹಲಿ ಸುತ್ತಲಿನ ಮಾರುಕಟ್ಟೆಯಿಂದ ಪಡೆದ 121 ಬಗೆಯ ಆಟಿಕೆಗಳನ್ನು ಪರೀಕ್ಷಿಸಿದಾಗ ಸುಮಾರು ಶೇ. 67ರಷ್ಟು ಅನುತ್ತೀರ್ಣವಾದವು. 2020ರಲ್ಲಿ ಹೊರಬಿದ್ದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಅದರಿಂದ ಕಡ್ಡಾಯವಾಯಿತು. ನಿರ್ಬಂಧವು ತಯಾರಕರಿಗೆ ಮಾತ್ರವಲ್ಲ. ಬಿಐಎಸ್ ಕಾಯ್ದೆ, 2016ರ ಅನ್ವಯ ಮುದ್ರೆಯಿಲ್ಲದ ಸರಕನ್ನು ದಾಸ್ತಾನಿಡುವುದೂ ಮಾರಾಟಕ್ಕೆ ಪ್ರದರ್ಶಿಸುವುದೂ ಉಲ್ಲಂಘನೆಯೇ. 2023ರ ಜನವರಿಯಲ್ಲಿ ಬಹಿರಂಗವಾದ ತಪಾಸಣೆಗಳಲ್ಲಿ ದೇಶದ ವಿಮಾನ ನಿಲ್ದಾಣ ಹಾಗೂ ಮಾಲ್‌ಗಳ ದೊಡ್ಡ ಮಳಿಗೆಗಳಿಂದಲೇ ಸುಮಾರು 18,600 ಆಟಿಕೆಗಳನ್ನು ವಶಪಡಿಸಿಕೊಳ್ಳಲಾಯಿತು. “ಸಗಟು ವ್ಯಾಪಾರಿ ಕೊಟ್ಟದ್ದು” ಎಂಬ ಸಮಜಾಯಿಷಿಯನ್ನು ನಂಬಿ ಕೂರುವುದು ಸಣ್ಣ ಅಂಗಡಿಗೂ ಕ್ಷೇಮವಲ್ಲ. ಮುದ್ರೆಯ ಕೆಳಗಿನ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನಮೂದಿಸಿ ಖಚಿತಪಡಿಸಿಕೊಳ್ಳಲು ಒಂದು ನಿಮಿಷವೂ ಬೇಡ.

ತೆರಿಗೆಯಿಂದ ಒದಗಿದ ಅನುಕೂಲ

2025ರ ಸೆಪ್ಟೆಂಬರ್ 22ರಿಂದ ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಕೇರಂ, ಚದುರಂಗ, ಲೂಡೊ ಮೊದಲಾದವುಗಳಿಗೂ ಇದೇ ದರ ಬಂದಿತು. ತೆರಿಗೆರಹಿತ ಬೆಲೆ 150 ರೂಪಾಯಿಯಿದ್ದ ಆಟಿಕೆಗೆ ಮೊದಲು 168 ರೂಪಾಯಿ ಆಗುತ್ತಿತ್ತು. ಹೊಸ ದರದಲ್ಲಿ 157 ರೂಪಾಯಿ 50 ಪೈಸೆ. ಕಾಂಪೋಸಿಷನ್ ಯೋಜನೆಯಲ್ಲಿರುವ ವರ್ತಕನಿಗೆ ಹೂಡುವಳಿ ತೆರಿಗೆ ಜಮೆ ದೊರೆಯದ ಕಾರಣ ಈ ಇಳಿಕೆಯು ನೇರವಾಗಿ ಖರೀದಿ ವೆಚ್ಚದಲ್ಲೇ ಕಾಣುತ್ತದೆ. ಶೇ. 18ರ ದರದಲ್ಲಿ ಪ್ಲಾಸ್ಟಿಕ್ ಹರಳು ಕೊಂಡು ಶೇ. 5ರ ದರದಲ್ಲಿ ಆಟಿಕೆ ಮಾರುವ ತಯಾರಕನು ಸರಕಿನ ಮೇಲೆ ಶೇಖರವಾಗುವ ಜಮೆಯ ಮರುಪಾವತಿಗೆ ಅರ್ಜಿ ಸಲ್ಲಿಸಬಹುದು. ಯಂತ್ರೋಪಕರಣ ಹಾಗೂ ಸೇವೆಗಳ ಮೇಲಿನ ತೆರಿಗೆ ಆ ಸೂತ್ರದಲ್ಲಿ ಸೇರುವುದಿಲ್ಲವೆಂಬುದನ್ನು ಬೆಲೆ ನಿರ್ಧರಿಸುವ ಮೊದಲೇ ಗಮನಿಸಬೇಕು.

ವಯಸ್ಸಿಗೆ ತಕ್ಕ ಕಪಾಟು

ಉಡುಗೊರೆ ಕೊಳ್ಳುವವನಿಗೆ ನೆರವಾಗುವ ಸರಳ ಕ್ರಮವೆಂದರೆ ಆಟಿಕೆಗಳನ್ನು ವಯಸ್ಸಿನಂತೆ ಜೋಡಿಸಿ, ಪ್ರತಿ ಕಪಾಟಿನಲ್ಲೂ ನೂರು, ಇನ್ನೂರು, ಮುನ್ನೂರು ರೂಪಾಯಿಗಳ ಮೂರು ಸಾಲು ಮಾಡುವುದು. ಮೂರು ವರ್ಷದೊಳಗಿನ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುತ್ತದೆ. 31.7 ಮಿ.ಮೀ. ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಅಡಗುವ ಬಿಡಿಭಾಗ ಆ ವಯಸ್ಸಿನ ಆಟಿಕೆಯಲ್ಲಿರಬಾರದೆಂಬ ನಿಯಮ ಇದಕ್ಕಾಗಿಯೇ ಇದೆ. ಗುಂಡಿ ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇಲ್ಲದ ಆಟಿಕೆಯನ್ನು ಯಾವ ಬೆಲೆಗೂ ತರಿಸಬಾರದು. ಮೂರರಿಂದ ಐದರವರಿಗೆ ದಿಮ್ಮಿ, ಅಡುಗೆ ಸಾಮಾನಿನ ಸೆಟ್. ಆರು ದಾಟಿದವರಿಗೆ ಬುಗುರಿ, ನಕ್ಷೆಯ ತುಣುಕು ಜೋಡಿಸುವ ಆಟ, ಚೆನ್ನೆಮಣೆ. ಒಂಬತ್ತು ದಾಟಿದವರಿಗೆ ಚದುರಂಗ, ಕೇರಂ. ಇವುಗಳಲ್ಲಿ ಬಹುಪಾಲಿಗೆ ಬ್ಯಾಟರಿಯ ಮರುಖರ್ಚಿಲ್ಲ. ಮನೆಯ ಹಿರಿಯರೂ ಜೊತೆಗೆ ಕುಳಿತು ಆಡಬಹುದು.

ಸ್ಥಳೀಯ ತಯಾರಿಕೆಗೆ ಅವಕಾಶ

ಹಾಲೆ ಮರಕ್ಕೆ ಅರಗಿನ ಬಣ್ಣ ಲೇಪಿಸಿದ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಅವುಗಳ ಅಧಿಕೃತ ಬಳಕೆದಾರರು, ಹಾಗೆಯೇ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ 2020ರ ತಿದ್ದುಪಡಿಯು ಐಎಸ್‌ಐ ಮುದ್ರೆಯಿಂದ ವಿನಾಯಿತಿ ನೀಡಿತು. ಗುಡಿಗಾರರ ಕೆತ್ತನೆಗೆ ಹೆಸರಾದ ಉತ್ತರ ಕನ್ನಡಕ್ಕೆ ಇದು ತೆರೆದ ಬಾಗಿಲು. ಬಡಗಿಗಳ ಕಾರ್ಖಾನೆಯಲ್ಲಿ ಉಳಿಯುವ ಮರದ ತುಂಡಿನಿಂದಲೂ ಒಳ್ಳೆಯ ದಿಮ್ಮಿ ಆಟಿಕೆ ಆದೀತು. ಆದರೆ ನೋಂದಣಿಯಿಲ್ಲದ ಘಟಕಕ್ಕೆ ಈ ವಿನಾಯಿತಿ ಇಲ್ಲ. ಅದು ಬಿಐಎಸ್ ಪರವಾನಗಿ ಪಡೆಯಲೇಬೇಕು. ಇಂಥ ಸರಕು ತರುವ ವರ್ತಕನು ಬಿಲ್ಲಿನೊಂದಿಗೆ ನೋಂದಣಿ ಪತ್ರದ ಪ್ರತಿಯನ್ನೂ ಕಡತದಲ್ಲಿಡುವುದು ವಿವೇಕ.

ಒಬ್ಬ ಸಣ್ಣ ವರ್ತಕನ ಬೇಡಿಕೆ ಪ್ರಮಾಣೀಕೃತ ತಯಾರಕನ ಕನಿಷ್ಠ ಆರ್ಡರ್‌ಗೆ ಸಾಲದಿರಬಹುದು. ಕಾರವಾರ ಮತ್ತು ಅಂಕೋಲಾದ ಹತ್ತು ಅಂಗಡಿಗಳು ಕೂಡಿ ಖರೀದಿಸಿದರೆ ಬೆಲೆಯೂ ಇಳಿಯುತ್ತದೆ, ಸಾಗಾಣಿಕೆ ವೆಚ್ಚವೂ ಹಂಚಿಹೋಗುತ್ತದೆ. ಜಂಟಿ ಖರೀದಿಯನ್ನು ಸಂಘಟಿಸುವುದು, ಕುಶಲಕರ್ಮಿಗಳ ನೋಂದಣಿಗೆ ನೆರವಾಗುವುದು ವಾಣಿಜ್ಯ ಸಂಸ್ಥೆಗಳು ಕೈಗೆತ್ತಿಕೊಳ್ಳಬಹುದಾದ ಕಾರ್ಯ. ಆಟಿಕೆ ಮುರಿದಾಗ ಮಗು ಅತ್ತು ಸುಮ್ಮನಾಗುತ್ತದೆ. ಅದನ್ನು ಯಾವ ಅಂಗಡಿಯಲ್ಲಿ ಕೊಂಡದ್ದೆಂಬುದನ್ನು ಮನೆಯವರು ಮರೆಯುವುದಿಲ್ಲ.