ಲಕ್ಷ ಕಿಲೋಮೀಟರ್ ಓಡಿದ ಕಾರಿಗೆ ಬೆಲೆ ಕಟ್ಟುವ ಬಗೆ

ಹೊಸ ಕಾರನ್ನು ಕೊಳ್ಳುವವನು ತಯಾರಕರ ಮಾತನ್ನು ನಂಬಿ ಕೊಳ್ಳುತ್ತಾನೆ. ಹಳೆಯ ಕಾರನ್ನು ಕೊಳ್ಳುವವನಾದರೋ ತನ್ನ ಕಣ್ಣು, ಕಿವಿ, ಮೂಗುಗಳನ್ನೇ ನಂಬಬೇಕಾಗುತ್ತದೆ. ಆದರೆ ನಮ್ಮಲ್ಲಿ ಅನೇಕರು ಮೊದಲು ನೋಡುವುದು ಬಣ್ಣದ ಹೊಳಪನ್ನು, ಅನಂತರ ಓಡೋಮೀಟರಿನ ಅಂಕಿಯನ್ನು. ಅಂಕಿಯು ಲಕ್ಷವನ್ನು ದಾಟಿದ್ದರೆ ‘ಈ ಕಾರಿನ ಆಯುಷ್ಯ ಮುಗಿಯಿತು’ ಎಂದು ಮುಖ ತಿರುಗಿಸುತ್ತಾರೆ. ಇಲ್ಲವೆ ಆ ಒಂದೇ ಕಾರಣವನ್ನು ಹಿಡಿದು ಬೆಲೆಯನ್ನು ಅರ್ಧಕ್ಕೆ ಇಳಿಸಲು ಹೊರಡುತ್ತಾರೆ. ಇವೆರಡೂ ವಿಚಾರವಂತರ ಮಾರ್ಗವಲ್ಲವೆಂಬುದು ನಮ್ಮ ಅಭಿಪ್ರಾಯ. ವರ್ಷಗಟ್ಟಲೆ ಕೂಡಿಟ್ಟ ಹಣದಿಂದ ಮನೆಯ ಹಿರಿಯರು ಹಳೆಯ ಕಾರೊಂದನ್ನು ಕೊಳ್ಳಹೊರಟಾಗ, ಮಕ್ಕಳು ಶಾಲೆ ಕಾಲೇಜುಗಳಲ್ಲಿ ಕಲಿತ ವಿಜ್ಞಾನವು ಅವರ ನೆರವಿಗೆ ಬರಬೇಕು.

ಮೊದಲು ಆ ಅಂಕಿಯ ಅರ್ಥವನ್ನೇ ವಿಚಾರಿಸೋಣ. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಮೇಲಿನ ಗೇರಿನಲ್ಲಿ ಓಡುವ ಕಾರಿನ ಎಂಜಿನ್ನು ನಿಮಿಷಕ್ಕೆ ಸುಮಾರು ೨,೦೦೦ ಸುತ್ತು ತಿರುಗುತ್ತದೆ ಎನ್ನೋಣ. ಆ ಒಂದು ನಿಮಿಷದಲ್ಲಿ ಕಾರು ಸಾಗುವ ದೂರ ಒಂದು ಕಿಲೋಮೀಟರ್. ಹಾಗಾದರೆ ಲಕ್ಷ ಕಿಲೋಮೀಟರಿಗೆ ಇಪ್ಪತ್ತು ಕೋಟಿ ಸುತ್ತು! ಇಷ್ಟು ತಿರುಗಿಯೂ ಲೋಹವು ಸವೆದುಹೋಗದಿರಲು ಕಾರಣ, ಉಜ್ಜುವ ಭಾಗಗಳ ನಡುವೆ ಇರುವ ಎಣ್ಣೆಯ ತೆಳುಪೊರೆ. ಎಂಜಿನ್ನು ಬಿಸಿಯೇರಿ ಒಂದೇ ಸಮನೆ ಓಡುವಾಗ ಈ ಪೊರೆ ಭದ್ರವಾಗಿರುತ್ತದೆ. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಾದರೋ ಎಣ್ಣೆ ಕೆಳಗಿಳಿದಿರುತ್ತದೆ. ಸವೆತ ಹೆಚ್ಚುವುದು ಆಗಲೇ. ದಿನವೂ ಎರಡೇ ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ನೀರಿನ ಅಂಶವೂ ಉರಿಯದ ಪೆಟ್ರೋಲೂ ಎಣ್ಣೆಯಲ್ಲಿ ಸೇರಿ ಉಳಿಯುತ್ತವೆ. ಆದುದರಿಂದ ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ ೧,೨೦,೦೦೦ ಕಿಲೋಮೀಟರ್ ಓಡಿ, ಹೊತ್ತುಹೊತ್ತಿಗೆ ಎಣ್ಣೆ ಬದಲಾಯಿಸಿಕೊಂಡ ಕಾರು, ನಗರದ ದಟ್ಟಣೆಯಲ್ಲಿ ೬೦,೦೦೦ ಕಿಲೋಮೀಟರ್ ತೆವಳಿದ ಕಾರಿಗಿಂತ ಗಟ್ಟಿಯಾಗಿರುವುದು ಅಸಂಭವವೇನಲ್ಲ.

ಅಂಕಿಯನ್ನು ತಿದ್ದಲೂ ಬಹುದು. ಈ ವಂಚನೆ ಹಳೆಯದು. ಅಮೆರಿಕದ ಒಕ್ಕೂಟ ಸರ್ಕಾರವು ೧೯೭೨ರಲ್ಲಿಯೇ ಶಾಸನದ ಮೂಲಕ ಇದನ್ನು ನಿಷೇಧಿಸಬೇಕಾಯಿತು. ಇಂದಿನ ವಿದ್ಯುನ್ಮಾನ ಓಡೋಮೀಟರುಗಳನ್ನು ತಿದ್ದುವ ಸಾಧನಗಳೂ ಇವೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಮೀಟರು ೪೦,೦೦೦ ಎನ್ನುವಾಗ ಬ್ರೇಕಿನ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ, ಚಾಲಕನ ಸೀಟು ಕುಸಿದಿದ್ದರೆ, ಸರ್ವಿಸ್ ದಾಖಲೆಯ ಅಂಕಿಗಳು ಹೊಂದದಿದ್ದರೆ, ಮೀಟರನ್ನೇ ಸಂಶಯಿಸಬೇಕು.

ಪರೀಕ್ಷೆಯನ್ನು ಬೆಳಗ್ಗೆ, ಎಂಜಿನ್ನು ತಣ್ಣಗಿರುವಾಗಲೇ ಆರಂಭಿಸತಕ್ಕದ್ದು. ಮಾರುವವರು ಮೊದಲೇ ಬಿಸಿ ಮಾಡಿಟ್ಟರೆ ಕೆಲವು ದೋಷಗಳು ಮರೆಯಾಗುತ್ತವೆ. ಸೈಲೆನ್ಸರಿನ ಹೊಗೆಯನ್ನು ಗಮನಿಸಿ. ಒಂದು ಕಿಲೋಗ್ರಾಮ್ ಪೆಟ್ರೋಲು ಉರಿದರೆ ಸುಮಾರು ೧.೪ ಕಿಲೋಗ್ರಾಮ್ ನೀರು ಹುಟ್ಟುತ್ತದೆಂಬುದನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಲ್ಲರು. ಆದುದರಿಂದ ಚಳಿಯ ಬೆಳಗ್ಗೆ ತೆಳ್ಳಗೆ ಬಂದು ಮಾಯವಾಗುವ ಬಿಳಿಯ ಆವಿಗೆ ಹೆದರಬೇಕಾಗಿಲ್ಲ. ಎಂಜಿನ್ನು ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಸಿಲಿಂಡರಿನೊಳಗೆ ಸೋರುತ್ತಿರಬಹುದು. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಕುರುಹು. ಕಪ್ಪು ಹೊಗೆ ಇಂಧನ ಮಿತಿಮೀರಿದುದರ ಕುರುಹು. ಸಂಶಯವಿದ್ದಲ್ಲಿ ಮೆಕ್ಯಾನಿಕ್ಕನಿಂದ ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನು ಅಳೆಯಿಸಬೇಕು. ಪೆಟ್ರೋಲ್ ಎಂಜಿನ್ನಿನ ಸಿಲಿಂಡರೊಂದರಲ್ಲಿ ಒತ್ತಡ ಕಡಿಮೆಯಿದ್ದು, ಅದರೊಳಗೆ ಸ್ವಲ್ಪ ಎಣ್ಣೆ ಬಿಟ್ಟ ಮೇಲೆ ಏರಿದರೆ ದೋಷವು ಪಿಸ್ಟನ್ ರಿಂಗುಗಳದು. ಏರದಿದ್ದರೆ ಸಾಮಾನ್ಯವಾಗಿ ವಾಲ್ವುಗಳದು.

ಮೈಕಟ್ಟಿನ ಪರೀಕ್ಷೆಗೆ ಒಂದು ಸಣ್ಣ ಅಯಸ್ಕಾಂತವಿದ್ದರೆ ಸಾಕು. ಉಕ್ಕಿನ ಬಾಗಿಲಿನ ಯಾವುದೋ ಒಂದೆಡೆ ಅದು ಹಿಡಿಯದಿದ್ದರೆ, ಬಣ್ಣದ ಕೆಳಗೆ ದಪ್ಪನಾಗಿ ಪುಟ್ಟಿ ತುಂಬಿದ್ದಾರೆಂದು ಊಹಿಸಬಹುದು. ಟೈರಿನ ಪಕ್ಕದಲ್ಲಿರುವ ಕೊನೆಯ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ: ೨೩೧೯ ಎಂದರೆ ೨೦೧೯ರ ೨೩ನೆಯ ವಾರ. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಚಕ್ರಗಳ ಜೋಡಣೆ ಸರಿಯಿಲ್ಲ. ಕರಾವಳಿಯ ಕಾರಾದರೆ ಉಪ್ಪುಗಾಳಿಯ ತುಕ್ಕಿಗಾಗಿ ಅಡಿಭಾಗವನ್ನು ನೋಡಬೇಕು. ೨೦೧೫ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಾದಂತಹ ನೆರೆಯಲ್ಲಿ ಮುಳುಗಿದ ಕಾರನ್ನು ಎಷ್ಟು ತೊಳೆದರೂ, ಸೀಟಿನ ಕೆಳಗಣ ಕಂಬಿಯ ತುಕ್ಕು, ಹಾಸಿನಡಿಯ ಕೆಸರು, ಮುಗ್ಗಲು ವಾಸನೆ ಇವು ಅದರ ಕಥೆಯನ್ನು ಹೇಳುತ್ತವೆ.

ಇನ್ನು ಚೌಕಾಸಿಯ ವಿಷಯ. ಕಂಡ ದೋಷಗಳನ್ನು ಮೂರು ಪಟ್ಟಿಗಳಲ್ಲಿ ಬರೆದುಕೊಳ್ಳುವುದು ಲೇಸು. ಗೀರು, ಮಾಸಿದ ಸೀಟು ಮೊದಲಾದ ವಯಸ್ಸಿಗೆ ಸಹಜವಾದವು ಮೊದಲನೆಯ ಪಟ್ಟಿಯವು. ಇವುಗಳಿಗಾಗಿ ವಾದ ಬೇಡ. ಟೈರು, ಕ್ಲಚ್ಚು, ಟೈಮಿಂಗ್ ಬೆಲ್ಟು ಮೊದಲಾದ ಬದಲಾಯಿಸಬಹುದಾದವು ಎರಡನೆಯವು. ಇವುಗಳ ಖರ್ಚನ್ನು ಗ್ಯಾರೇಜಿನಲ್ಲಿ ಬರೆಸಿಕೊಂಡು ಬೆಲೆಯಿಂದ ಕಳೆಯಬೇಕು. ಮಾರುವವರು ಕೇಳಿದ್ದು ೨,೫೦,೦೦೦ ರೂಪಾಯಿ, ಟೈರಿಗೆ ೧೬,೦೦೦, ಕ್ಲಚ್ಚಿಗೆ ೧೨,೦೦೦ ಬೇಕು ಎಂದಿಟ್ಟುಕೊಂಡರೆ, ನಾವು ಹೇಳತಕ್ಕದ್ದು ೨,೨೨,೦೦೦. ಬಾಗಿದ ಚಾಸಿ, ನೆರೆಯಲ್ಲಿ ಮುಳುಗಿದ ಗುರುತು, ನೋಂದಣಿ ಪತ್ರದೊಡನೆ ಹೊಂದದ ಚಾಸಿ ನಂಬರು ಇವು ಮೂರನೆಯ ಪಟ್ಟಿಯವು. ಇಲ್ಲಿ ಎಷ್ಟು ಅಗ್ಗವಾದರೂ ಕೈಮುಗಿದು ಹಿಂದಿರುಗುವುದೇ ಜಾಣತನ, ಏಕೆಂದರೆ ಪಣವಾಗಿರುವುದು ಹಣ ಮಾತ್ರವಲ್ಲ, ಒಳಗೆ ಕುಳಿತವರ ಪ್ರಾಣ.

ಇದೆಲ್ಲ ಕೊಳ್ಳುವವರ ಲಾಭಕ್ಕಷ್ಟೇ ಎಂದು ಭಾವಿಸಬಾರದು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ೧೯೭೦ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಹಳೆಯ ಕಾರಿನ ಪೇಟೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಗಿರಾಕಿಯು ಎಲ್ಲಕ್ಕೂ ನಡುವಣ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯನು ಮಾರಲೊಲ್ಲನು. ಕೊನೆಗೆ ಪೇಟೆಯಲ್ಲಿ ಉಳಿಯುವುದು ಕೆಟ್ಟ ಸರಕೇ. ಈ ಬಗೆಯ ಸಂಶೋಧನೆಗಾಗಿ ೨೦೦೧ರಲ್ಲಿ ಅವರು ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಗಿರಾಕಿಯ ಅಜ್ಞಾನವು ಪ್ರಾಮಾಣಿಕ ಮಾರಾಟಗಾರನಿಗೂ ನಷ್ಟ ತರುತ್ತದೆಂಬುದು ಇದರಿಂದ ಸ್ಪಷ್ಟ. ಆದುದರಿಂದ ಇಲ್ಲದ ದೋಷವನ್ನು ಹೇಳಿ ಬೆಲೆ ಇಳಿಸುವುದು, ಇರುವ ದೋಷವನ್ನು ಮುಚ್ಚಿ ಮಾರುವಷ್ಟೇ ಅನುಚಿತ.

ಮೆಕ್ಯಾನಿಕ್ಕನಿರುವಾಗ ನಮಗೇಕೆ ಈ ತಿಳಿವಳಿಕೆ ಎಂದು ಕೆಲವರು ಕೇಳಬಹುದು. ಮೆಕ್ಯಾನಿಕ್ಕನು ಬೇಕೇ ಬೇಕು. ಆತನು ನಾವೇ ಆರಿಸಿದವನಾಗಿರಬೇಕು. ಆದರೆ ಏನನ್ನು ಕೇಳಬೇಕೆಂಬುದನ್ನರಿಯದವರಿಗೆ ತಜ್ಞನ ಉತ್ತರವೂ ಪೂರ್ಣವಾಗಿ ದಕ್ಕದು. ತರುಣ ವಾಚಕರು ಈ ತಿಂಗಳು ನೆರೆಮನೆಯವರ ಅನುಮತಿ ಪಡೆದು ಅವರ ಕಾರಿನ ಟೈರಿನ ಅಂಕಿಗಳನ್ನು ಓದಲಿ, ಬಾಗಿಲಿಗೆ ಅಯಸ್ಕಾಂತವನ್ನು ಹಿಡಿಯಲಿ, ಎಣ್ಣೆಯ ಬಣ್ಣವನ್ನು ನೋಡಲಿ. ಹೀಗೆ ನೋಡಿ ಪಳಗಿದವರು ವ್ಯಾಪಾರದ ಹೊತ್ತಿನಲ್ಲಿ ಹಿರಿಯರ ಪಕ್ಕದಲ್ಲಿದ್ದರೆ, ಬೆಲೆಯ ಮಾತು ದಲ್ಲಾಳಿಯ ಬಾಯಿಂದಲ್ಲ, ಪರೀಕ್ಷೆಯ ಪಟ್ಟಿಯಿಂದ ಆರಂಭವಾದೀತು.