ಯಂತ್ರದೊಳಗಿನ ದುಭಾಷಿ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದು, ಸಾಂಗಲಿಯ ವಾಲಚಂದ ಇಂಜಿನಿಯರಿಂಗ್ ಕಾಲೇಜಿನಲ್ಲಿಯೋ ಮತ್ತೆಲ್ಲಿಯೋ ಮಕ್ಕಳಿಗೆ ಪ್ರವೇಶ ದೊರೆತೊಡನೆ ನಮ್ಮ ಜತ್ತ, ಮಿರಜಗಳ ಮನೆಗಳಲ್ಲಿ ಲ್ಯಾಪ್‌ಟಾಪಿನ ಮಾತು ಏಳುತ್ತದೆ. ಒಣದ್ರಾಕ್ಷಿಯ ಹಣವೋ, ಬ್ಯಾಂಕಿನ ಸಾಲವೋ, ಒಮ್ಮೆ ಹಾಕಿದರೆ ನಾಲ್ಕು ವರ್ಷದ ಓದು ಮುಗಿಯುವತನಕ ಅದು ಬಾಳಬೇಕು. ಸಾಂಗಲಿಯ ಪೇಟೆಯಲ್ಲಿ ಅರಿಷಿಣ ಕೊಳ್ಳುವ ಜಾಣನು ಕೊಂಬನ್ನು ಮುರಿದು ಒಳಗಿನ ಬಣ್ಣ ನೋಡುತ್ತಾನೆ. ಲ್ಯಾಪ್‌ಟಾಪನ್ನು ಮಾತ್ರ ನಾವು ಹೊರಮೈ, ತೂಕ, ಬೆಲೆ ಇಷ್ಟನ್ನೇ ನೋಡಿ ಮನೆಗೆ ತರುತ್ತೇವೆ.

ಒಳಗೆ ನೋಡತಕ್ಕ ಸಂಗತಿಗಳಲ್ಲಿ ಗ್ರಾಫಿಕ್ಸ್ ಡ್ರೈವರ್ ಒಂದು. ತೆರೆಯ ಮೇಲೆ ಚಿತ್ರ ಮೂಡಿಸುವ ಚಿಪ್ಪಿಗೂ ವಿಂಡೋಸಿಗೂ ನಡುವೆ ನಿಂತು ಮಾತು ತಿಳಿಸುವ ತಂತ್ರಾಂಶವಿದು. ಗಡಿಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡವೊಂದೇ ಬಲ್ಲ ಅಜ್ಜಿಯನ್ನು ಮಿರಜದ ಆಸ್ಪತ್ರೆಗೆ ಕರೆದೊಯ್ದಾಗ, ಮರಾಠಿ ಡಾಕ್ಟರರಿಗೂ ಅವಳಿಗೂ ನಡುವೆ ಮೊಮ್ಮಗ ನಿಲ್ಲುವುದಿಲ್ಲವೇ? ಡ್ರೈವರ್ ಅಂಥ ದುಭಾಷಿ. ವಿಂಡೋಸ್ ಬದಲಾದಂತೆ, ಹೊಸ ತಂತ್ರಾಂಶಗಳು ಬಂದಂತೆ, ಈ ದುಭಾಷಿಯೂ ಹೊಸ ಮಾತು ಕಲಿಯುತ್ತಿರಬೇಕು. ಕಲಿಯುವುದು ನಿಂತರೆ ಚಿಪ್ಪು ಗಟ್ಟಿಯಾಗಿದ್ದರೂ ತೆರೆ ಮಿನುಗುತ್ತದೆ, ನಕ್ಷೆಯ ತಂತ್ರಾಂಶ ನಡುವೆಯೇ ನಿಲ್ಲುತ್ತದೆ, ಕಳ್ಳರಿಗೆ ಒಳನುಗ್ಗಲು ಸಂದು ಉಳಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಈ ಚಿಪ್ಪನ್ನು ಸಾಮಾನ್ಯವಾಗಿ ಹಲಗೆಗೇ ಬೆಸೆದಿರುತ್ತಾರೆ. ಅದನ್ನಷ್ಟೇ ತೆಗೆದು ಬೇರೊಂದನ್ನು ಕೂಡಿಸುವಂತಿಲ್ಲ.

ದುಭಾಷಿಗೆ ಪಾಠ ಹೇಳುವವರು ಇಬ್ಬರು: ಚಿಪ್ಪು ಮಾಡಿದ ಇಂಟೆಲ್, ಎಎಂಡಿ, ಎನ್‌ವಿಡಿಯಾದಂಥ ಕಂಪನಿ ಒಬ್ಬರು, ಅದನ್ನು ಕೂಡಿಸಿ ಲ್ಯಾಪ್‌ಟಾಪ್ ಮಾಡಿದ ಕಂಪನಿ ಇನ್ನೊಬ್ಬರು. ಹಿಂದೆ ಎಷ್ಟೋ ಯಂತ್ರಗಳಲ್ಲಿ ಎರಡನೆಯವರು ಕೊಟ್ಟದ್ದನ್ನೇ ಹಾಕಬೇಕಾಗಿತ್ತು. ೨೦೨೦ರಲ್ಲಿ ಇಂಟೆಲ್ ಈ ಕಟ್ಟನ್ನು ಸಡಿಲಿಸಿ, ತನ್ನ ಡ್ರೈವರನ್ನು ನೇರವಾಗಿ ಹಾಕಿಕೊಳ್ಳಲು ಅನುವು ಮಾಡಿತು. ಇದರಿಂದ ಅನುಕೂಲವಾಯಿತು, ಆದರೆ ಚಿಪ್ಪಿನ ಕಂಪನಿಯೂ ಒಂದು ದಿನ ಕೈಬಿಡುವುದುಂಟು. ೨೦೧೬ರಲ್ಲಿ ಹೊರಬಂದ ಎನ್‌ವಿಡಿಯಾದ ಜಿಟಿಎಕ್ಸ್ ೧೦ ಸರಣಿಗೆ ಪೂರ್ಣ ಪರಿಷ್ಕರಣೆ ೨೦೨೫ರ ಅಕ್ಟೋಬರಿಗೆ ಮುಗಿಯಿತು. ಸುರಕ್ಷತೆಯ ಪರಿಷ್ಕರಣೆ ಮಾತ್ರ ೨೦೨೮ರ ಅಕ್ಟೋಬರವರೆಗೆಂದು ಕಂಪನಿ ಸಾರಿದೆ. ಇಂಟೆಲ್ ತನ್ನ ಆರರಿಂದ ಹತ್ತನೆಯ ಪೀಳಿಗೆಯ ಸಂಸ್ಕಾರಕಗಳ ಗ್ರಾಫಿಕ್ಸನ್ನು ೨೦೨೨ರಲ್ಲಿಯೇ ಹಳೆಯ ಸಾಲಿಗೆ ಸರಿಸಿತು. ಹಳೆಯ ಲ್ಯಾಪ್‌ಟಾಪನ್ನು ಅಗ್ಗಕ್ಕೆ ಕೊಳ್ಳುವವರು ಈ ಲೆಕ್ಕವನ್ನು ಬೆಲೆಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿರುವುದರಿಂದ, ಆ ಯಂತ್ರ ವಿಂಡೋಸ್ ೧೧ಕ್ಕೆ ಯೋಗ್ಯವೇ ಎಂಬುದನ್ನೂ ಕೇಳಬೇಕು.

ಹೊಸ ಹೆಸರಿಗೂ ಮರುಳಾಗಬಾರದು. ೨೦೨೩ರಲ್ಲಿ ಪೇಟೆಗೆ ಬಂದ ರೈಝನ್ ೫ ೭೫೩೦ಯು ಎಂಬ ಸಂಸ್ಕಾರಕದ ಒಳಗಿರುವುದು ವೇಗಾ ಎಂಬ ಹಳೆಯ ಪೀಳಿಗೆಯ ಗ್ರಾಫಿಕ್ಸ್. ಅದೇ ವರ್ಷದ ಕೊನೆಗೆ ಎಎಂಡಿ ವೇಗಾದ ಪರಿಷ್ಕರಣೆಗಳನ್ನು ಅತ್ಯಗತ್ಯವಾದಷ್ಟಕ್ಕೇ ಇಳಿಸಿತು.

ಹಾಗಾದರೆ ಅಂಗಡಿಯಲ್ಲಿ ಮಾಡಬೇಕಾದುದೇನು? ಹಣ ಎಣಿಸುವ ಮೊದಲು ಯಂತ್ರದ ಪೂರ್ಣ ಮಾದರಿ ಸಂಖ್ಯೆಯನ್ನು ಬರೆದುಕೊಳ್ಳಿರಿ. ಫೋನಿನಲ್ಲಿಯೇ ಲ್ಯಾಪ್‌ಟಾಪ್ ಕಂಪನಿಯ ಬೆಂಬಲದ ಪುಟ ತೆರೆದು, ಗ್ರಾಫಿಕ್ಸ್ ಡ್ರೈವರಿನ ಕೊನೆಯ ದಿನಾಂಕ ನೋಡಿರಿ. ಬಳಿಕ, ಇದು ಮುಖ್ಯ, ಅದೇ ಸರಣಿಯ ಮೂರು ನಾಲ್ಕು ವರ್ಷ ಹಿಂದಿನ ಮಾದರಿಯನ್ನು ಹುಡುಕಿರಿ. ಅದಕ್ಕೆ ಇಂದಿಗೂ ಪರಿಷ್ಕರಣೆ ಬರುತ್ತಿದೆಯೇ? ಅಣ್ಣನ ಸಂಸಾರ ನೋಡಿ ತಮ್ಮನಿಗೆ ಹೆಣ್ಣು ಕೊಡುವ ಹಿರಿಯರ ಕ್ರಮ ಇಲ್ಲಿಯೂ ಸಲ್ಲುತ್ತದೆ. ಕೊನೆಗೆ, ಚಿಪ್ಪಿನ ಕಂಪನಿಯ ಪುಟದಲ್ಲಿಯೂ ಆ ಚಿಪ್ಪಿನ ಹೆಸರು ಚಾಲ್ತಿಯ ಸಾಲಿನಲ್ಲಿದೆಯೇ ನೋಡಿರಿ.

ಎಲ್ಲರಿಗೂ ದುಬಾರಿ ಗ್ರಾಫಿಕ್ಸ್ ಬೇಕೆಂದಲ್ಲ. ವಾಣಿಜ್ಯ ಓದುವ ಮಗಳಿಗೆ, ಲೆಕ್ಕ ಬರೆಯುವ ಅಂಗಡಿಗೆ ಸಂಸ್ಕಾರಕದೊಳಗೇ ಇರುವ ಗ್ರಾಫಿಕ್ಸ್ ಧಾರಾಳ ಸಾಕು. ಉಳಿದ ಹಣ ಮೆಮರಿಗೆ ಹೋಗಲಿ. ಯಂತ್ರಶಾಸ್ತ್ರ, ಕಟ್ಟಡಶಾಸ್ತ್ರ ಓದುವವರು ಮಾತ್ರ ತಮ್ಮ ನಕ್ಷೆಯ ತಂತ್ರಾಂಶದ ಕಂಪನಿ ಯಾವ ಕಾರ್ಡು, ಯಾವ ಡ್ರೈವರನ್ನು ಒಪ್ಪಿದೆ ಎಂಬ ಪಟ್ಟಿ ನೋಡುವುದು ಲೇಸು. ಪರಿಷ್ಕರಣೆಗೂ ಹೊತ್ತುಗೊತ್ತು ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಅದಕ್ಕೆ ಕೈಹಾಕಬೇಡಿರಿ. ಹೊಸ ಡ್ರೈವರಿನಿಂದ ತೊಂದರೆಯಾದರೆ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಹಿಂದಿನದಕ್ಕೆ ಮರಳುವ ದಾರಿಯಿದೆ ಎಂಬುದನ್ನು ಮಕ್ಕಳಿಗೆ ಕಲಿಸಿರಿ.

ನಮ್ಮ ಮಿರಜದ ತಂಬೂರಿಗೆ ೨೦೨೪ರಲ್ಲಿ ಭೌಗೋಲಿಕ ಗುರುತಿನ ಮನ್ನಣೆ ದೊರೆಯಿತು. ತಂಬೂರಿ ಎಷ್ಟೇ ಉತ್ತಮವಾಗಿರಲಿ, ನುಡಿಸಿದಂತೆ ತಂತಿಯ ಉಜ್ಜಿಗೆ ಅದರ ಕುದುರೆ ಸವೆಯುತ್ತದೆ. ಮತ್ತೆ ಮತ್ತೆ ಜವಾರಿ ತೆಗೆಯಿಸದೆ ನಾದ ನಿಲ್ಲದು. ಅದಕ್ಕೇ ಬಲ್ಲ ಗಾಯಕರು ವಾದ್ಯದೊಡನೆ ಅದನ್ನು ಮುಂದೆ ನೋಡಿಕೊಳ್ಳುವ ಕುಶಲಕರ್ಮಿಯನ್ನೂ ಆರಿಸಿಕೊಳ್ಳುತ್ತಾರೆ. ಮನೆಗೆ ಲ್ಯಾಪ್‌ಟಾಪ್ ತರುವವರಿಗೂ ಇದೇ ವಿವೇಕ ಸಾಕು.